ಗುಳಿ ಬಿದ್ದ ಉಂಡೆ

ನನ್ನ ದೊಡ್ಡಮ್ಮ ಇಪ್ಪತ್ತೊಂಬತ್ತು ವರ್ಷ ಒಂದೇ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿದವಳು. ಅವುಗಳಲ್ಲಿ ಒಂದನ್ನೂ ಪೂರ್ತಿ ಓದಿದವಳಲ್ಲ. ಕೇಳಿದರೆ, “ದರ್ಜಿ ತಾನು ಹೊಲಿದಿದ್ದನ್ನೆಲ್ಲಾ ತೊಟ್ಕೊಂಡು ತಿರುಗ್ತಾನಾ?” ಎನ್ನುತ್ತಿದ್ದಳು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಗದ ಕತ್ತರಿಸುವ ಚೂರಿ ಜಾರಿ ಅವಳ ಬಲ ಹೆಬ್ಬೆರಳಿನ ಮೆತ್ತೆ ಸೀಳಿತ್ತು. ಗಾಯ ಮಾಯ್ದರೂ ಓರೆಯಾದ ಒಂದು ಸಣ್ಣ ಕಾಲುವೆ ಉಳಿಯಿತು. “ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡು ಯಾರೂ ಮೋಸ ಮಾಡೋಕಾಗಲ್ಲ, ಸೀಲೇ ಬೇರೆ” ಎಂದು ಅದರ ಬಗ್ಗೆಯೂ ಅವಳಿಗೊಂದು ಜಂಬ.

ನನ್ನ ಅಪ್ಪ ಬೇಗ ತೀರಿಹೋಗಿದ್ದರಿಂದ ಅಮ್ಮ ನನ್ನನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದು ನೆಲೆಸಿದ್ದಳು. ಎರಡನೆಯ ಮಹಡಿಯ ಮೂರು ಕೋಣೆ, ಮೆಟ್ಟಿಲಿನ ಕಡೆಗೆ ತೆರೆಯುವ ಕಿಟಕಿಯುಳ್ಳ ಅಡುಗೆಮನೆ. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು, ದೊಡ್ಡಪ್ಪ ಲಿಫ್ಟ್ ಮೆಕ್ಯಾನಿಕ್. ವರ್ಷದ ಕೊನೆಯ ರಜೆ ಬಂತೆಂದರೆ ಅಕ್ಕತಂಗಿಯರು ಖರ್ಜೂರದ ಉಂಡೆ ಕಟ್ಟಲು ಕೂರುತ್ತಿದ್ದರು. ಒಂದೇ ಬಾಯಿಗೆ ಹಿಡಿಸುವ ಗಾತ್ರ. ತಟ್ಟೆಯಲ್ಲಿ ಹನ್ನೆರಡರ ಎಂಟು ಸಾಲು. ಕಟ್ಟಡದ ಪ್ರತಿ ಮನೆಗೂ ಒಂದು ಪೊಟ್ಟಣ.

ತೊಂದರೆಯೊಂದಿತ್ತು. ದೊಡ್ಡಪ್ಪನಿಗೆ ಅಕ್ರೋಟು ಆಗದು. ಮದುವೆಯಾದ ಹೊಸತರಲ್ಲಿ ಯಾರದೋ ಮನೆಯಲ್ಲಿ ಒಂದು ಚೂರು ತಿಂದು ಮುಖವೆಲ್ಲ ಕುಂಬಳಕಾಯಿಯಂತೆ ಊದಿಕೊಂಡಿದ್ದನಂತೆ. ಆದ್ದರಿಂದ ದೊಡ್ಡಮ್ಮ ಅಕ್ರೋಟಿನ ಪುಡಿ ಬೆರೆಸಿದ ಉಂಡೆ ಕಟ್ಟಿದರೆ, ಅಮ್ಮ ಬೇರೆ ಬಟ್ಟಲಿನಲ್ಲಿ ಕುಂಬಳದ ಬೀಜದ ಪುಡಿ ಬೆರೆಸಿ ಅವನಿಗಾಗಿ ಒಂದು ಡಜನ್ ಕಟ್ಟುತ್ತಿದ್ದಳು. ಎರಡಕ್ಕೂ ಹುರಿದ ಎಳ್ಳಿನ ಪುಡಿ ಬೀಳುತ್ತಿದ್ದುದರಿಂದ ನೋಟಕ್ಕೆ ಎರಡೂ ಒಂದೇ. ಬೇರೆ ಡಬ್ಬಿಯಲ್ಲಿಡೋಣವೆಂದರೆ ದೊಡ್ಡಮ್ಮ ಒಪ್ಪುತ್ತಿರಲಿಲ್ಲ. “ಅವರೇನು ರೋಗಿನಾ, ಮೂಲೆಯಲ್ಲಿ ಕೂತು ಬೇರೆ ಡಬ್ಬಿ ತೆಗೆಯೋಕೆ?” ಹೀಗಾಗಿ ಅಮ್ಮ ತನ್ನ ಪ್ರತಿ ಉಂಡೆಯ ನೆತ್ತಿಯ ಮೇಲೂ ಹೆಬ್ಬೆರಳಿನಿಂದ ಒಂದು ಗುಳಿ ಒತ್ತುತ್ತಿದ್ದಳು. ಗುಳಿಯಿದ್ದದ್ದು ದೊಡ್ಡಪ್ಪನದು, ಗುಂಡಗಿದ್ದದ್ದು ಉಳಿದ ಲೋಕದ್ದು.

ದೊಡ್ಡಪ್ಪ ಬಾಯಿಗೊಂದು ಎಂಬಂತಿದ್ದ ಉಂಡೆಯನ್ನೂ ಎರಡು ಸಲ ಕಚ್ಚಿ ತಿನ್ನುವ ಮನುಷ್ಯ. ಇಪ್ಪತ್ಮೂರು ವರ್ಷಗಳ ಹಿಂದೆ, ರಜೆಯ ಹಿಂದಿನ ಮಧ್ಯಾಹ್ನ, ಕೆಲಸದಿಂದ ಬಂದವನು ತಟ್ಟೆಯಿಂದ ಗುಳಿಯಿದ್ದ ಉಂಡೆಯೊಂದನ್ನೆತ್ತಿ ಅರ್ಧ ಕಚ್ಚಿದ. ಉಳಿದರ್ಧವನ್ನು ಮೇಜಿನ ಮೇಲಿಟ್ಟು, “ನೀರು ಕೊಡೇ, ಗಂಟಲು ಒಂಥರಾ ಆಗ್ತಿದೆ” ಎಂದ. ನೀರು ಒಳಗೆ ಇಳಿಯಲಿಲ್ಲ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಅರ್ಧ ಉಂಡೆಯಲ್ಲಿ ಅಕ್ರೋಟು ಇದ್ದದ್ದು ರುಚಿಯಿಂದ ತಿಳಿಯಿತು, ಮೇಲೆ ಗುಳಿಯೂ ಇತ್ತು. ಗುಳಿ ಒತ್ತುವವಳು ಮನೆಯಲ್ಲಿ ಒಬ್ಬಳೇ. ಬಟ್ಟಲು ಅದಲುಬದಲು ಮಾಡಿಕೊಂಡಿದ್ದಾಳೆ ಎಂದು ಬಂದವರೆಲ್ಲ ತೀರ್ಮಾನಿಸಿದರು. ಅಮ್ಮ ಮೊದಲ ದಿನಗಳಲ್ಲಿ, “ಇಲ್ಲ, ನಾನು ನೋಡ್ಕೊಂಡೇ ಮಾಡಿದ್ದೆ, ನನ್ನ ಬಟ್ಟಲು ಬೇರೆ ಇತ್ತು” ಎಂದು ಪ್ರತಿಯೊಬ್ಬರಿಗೂ ಹೇಳಿದಳು. ಒಂದು ವಾರದ ನಂತರ ಇದ್ದಕ್ಕಿದ್ದಂತೆ ಅಕ್ಕನ ಮುಂದೆ ಕುಳಿತು, “ನನ್ನದೇ ತಪ್ಪು, ಅಕ್ಕ” ಎಂದಳು. ಆಗ ನನಗೆ ಇಪ್ಪತ್ತೆರಡು. ಅವಳ ಮಾತು ಬದಲಾದದ್ದೇಕೆಂದು ನಾನು ಕೇಳಲಿಲ್ಲ. ದುಃಖ ಯಾರಿಂದ ಬೇಕಾದರೂ ಏನನ್ನಾದರೂ ಹೇಳಿಸುತ್ತದೆ ಎಂದುಕೊಂಡೆ.

ದೊಡ್ಡಮ್ಮ ತಂಗಿಯನ್ನು ಮನೆಯಿಂದ ಹೊರಹಾಕಲಿಲ್ಲ. ಊರೆಲ್ಲ ಅದನ್ನು ದೊಡ್ಡತನವೆಂದಿತು, ಅದು ದೊಡ್ಡತನವೇ ಆಗಿತ್ತು. ಆದರೆ ಪ್ರತಿ ವರ್ಷ ಆ ದಿನ ಊಟ ಮುಗಿದ ಮೇಲೆ, “ನಾನು ನಿನ್ನ ಕ್ಷಮಿಸಿದ್ದೀನಿ ಕಣೆ” ಎನ್ನುವಳು. ಅಮ್ಮ ತಟ್ಟೆ ಎತ್ತುತ್ತಾ, “ಸರಿ ಅಕ್ಕ” ಎನ್ನುವಳು. ಆಮೇಲೆ ತನ್ನ ಕೋಣೆಗೆ ಹೋಗಿ, ಪೆಟ್ಟಿಗೆಯಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು, ಒಳಗಿದ್ದುದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಮುಚ್ಚಿಡುವಳು. ದೊಡ್ಡಪ್ಪ ಬಿಟ್ಟಿದ್ದ ಅರ್ಧ ಉಂಡೆ ಅದು; ಅವನು ಹೋದ ಮೊದಲ ವಾರದಲ್ಲೇ ಅವಳು ಅದನ್ನು ಹೀಗೆ ಬೆಳಕಿಗೆ ಹಿಡಿದದ್ದನ್ನು ನಾನು ಕಂಡಿದ್ದೆ. ಅಮ್ಮ ತನ್ನನ್ನು ತಾನೇ ದಂಡಿಸಿಕೊಳ್ಳುತ್ತಿದ್ದಾಳೆಂದು ನಾನು ಬಗೆದಿದ್ದೆ. ಹದಿನೆಂಟು ವರ್ಷ ಇದು ನಡೆಯಿತು. ಆ ಮನೆಗೆ ಒಂದು ಖರ್ಜೂರವೂ ಬರಲಿಲ್ಲ.

ಐದು ವರ್ಷಗಳ ಹಿಂದೆ ಅಮ್ಮ ಹೋದಳು. ಅದೇ ವರ್ಷದ ರಜೆಗೆ ದೊಡ್ಡಮ್ಮ ಯಾರಿಗೂ ಹೇಳದೆ ಖರ್ಜೂರ, ಅಕ್ರೋಟು ತಂದು ಉಂಡೆ ಕಟ್ಟಿದಳು. ವಿಜ್ಞಾನ ಕಲಿಸಿಕೊಂಡು ಬೇರೆ ಊರಿನಲ್ಲಿದ್ದ ನನಗೆ ಫೋನು ಬಂತು.

“ನಿಮ್ಮಮ್ಮ ಬಂದಿದ್ಲು ಕಣೆ.”

“ಎಲ್ಲಿಗೆ?”

“ಅಡುಗೆಮನೆಗೆ. ಎಲ್ಲಾ ಗುಂಡಗೆ ಕಟ್ಟಿದ್ದೆ. ಆಮೇಲೆ ನೋಡಿದ್ರೆ ಒಂದರ ಮೇಲೆ ಗುಳಿ. ನಾನೊಬ್ಬಳೇ ಇದ್ದದ್ದು ಮನೇಲಿ.”

ಮರು ವರ್ಷವೂ ಒಂದು. ಅದರ ಮರು ವರ್ಷವೂ. ತಂಗಿ ಇನ್ನೂ ಕ್ಷಮೆ ಕೇಳುತ್ತಿದ್ದಾಳೆಂದು ದೊಡ್ಡಮ್ಮ ನಂಬಿದಳು. ಉಂಡೆಯಿದ್ದರೆ ತಂಗಿ ಬರುತ್ತಾಳೆ. ವರ್ಷವಿಡೀ ಆ ದಿನಕ್ಕಾಗಿಯೇ ಅವಳು ಕಾಯುತ್ತಿದ್ದಳೆಂದರೂ ಸಲ್ಲುತ್ತದೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾನು ಬೇರೆಯವರಿಗಿಂತ ತುಸು ಹೆಚ್ಚಾಗಿಯೇ ಹಚ್ಚಿಕೊಂಡವಳು. ಸತ್ತವರು ಬಂದು ಖರ್ಜೂರ ಒತ್ತುವುದಿಲ್ಲ. ಕಳೆದ ವರ್ಷ ರಜೆ ಹಾಕಿ, ನೋಡಿಯೇ ಬಿಡೋಣವೆಂದು ಹೋದೆ.

“ಬಂದ್ಯಾ, ಯಾಕಮ್ಮ?” ಎಂದಳು ದೊಡ್ಡಮ್ಮ. ಚಿಕ್ಕಂದಿನಲ್ಲಿ ಎಲ್ಲಕ್ಕೂ ಯಾಕೆ ಯಾಕೆ ಎನ್ನುತ್ತಿದ್ದ ನನಗೆ ಅವಳಿಟ್ಟ ಹೆಸರು. “ಕೈ ತೊಳ್ಕೊಂಡು ಬೀಜ ತೆಗಿ. ಒಂದು ಉಳಿದ್ರೂ ಕೆಳಗಡೆ ಮನೆ ಮೇಷ್ಟ್ರ ಹಲ್ಲು ಹೋಗತ್ತೆ. ಇರೋದೇ ಮೂರು.”

ಬೀಜ ತೆಗೆದ ಖರ್ಜೂರವನ್ನು ಅವಳು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಹಿಸುಕಿದಳು. ಎಳ್ಳು, ಅಕ್ರೋಟು ಬೆರೆತವು. ಇಬ್ಬರೂ ನೆಲದ ಮೇಲೆ ಎದುರುಬದುರು ಕುಳಿತೆವು. ಕಟ್ಟುವುದು ಅವಳು ಮಾತ್ರ; ನನಗೆ ನೋಡುವ ಕೆಲಸ.

“ಯಾವಾಗ ಬರ್ತಾಳೆ ಅಮ್ಮ?”

“ನಾನು ನೋಡದೇ ಇರೋವಾಗ. ಮೊದಲಿಂದ್ಲೂ ನಾಚಿಕೆ ಸ್ವಭಾವ. ನಿನ್ನ ಪುಸ್ತಕದಲ್ಲಿ ಇದಕ್ಕೇನಂತಾರೆ?”

“ನನ್ನ ಪುಸ್ತಕದಲ್ಲಿ ಇದಿಲ್ಲ.”

“ಹಾಗಾದ್ರೆ ಅದರ ಹೊಲಿಗೆ ಬಿಚ್ಚಿ ಎರಡು ಹಾಳೆ ಸೇರಿಸ್ಬೇಕು” ಎಂದು ನಕ್ಕಳು.

ನಗುತ್ತಲೇ, ಅಂಗಡಿಯ ಯಜಮಾನ ಒಮ್ಮೆ ಇನ್ನೂರು ಲೆಕ್ಕದ ಪುಸ್ತಕಗಳಿಗೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿದ ಕಥೆ ತೆಗೆದಳು. “‘ಏನಾಗಲ್ಲ ಬಿಡಮ್ಮ, ಮಕ್ಕಳಿಗೆ ಆ ಪಾಠ ಹೇಗಿದ್ರೂ ತಲೆಕೆಳಗೇ’ ಅಂದ ಪುಣ್ಯಾತ್ಮ!” ಅವಳ ಕಣ್ಣು ನನ್ನ ಮುಖದ ಮೇಲಿತ್ತು. ಕೈ ತನ್ನ ಪಾಡಿಗೆ ಉಂಡೆಯೊಂದನ್ನು ಉರುಳಿಸಿತು. ಹೆಬ್ಬೆರಳು ಅದರ ನೆತ್ತಿಯನ್ನು ಒತ್ತಿತು, ಅರೆಕ್ಷಣ ನಿಂತಿತು, ಮೆಲ್ಲಗೆ ಮೇಲೆದ್ದಿತು. ಉಂಡೆ ತಟ್ಟೆ ಸೇರಿತು. ಕಥೆ ಮುಂದುವರಿಯಿತು.

ಆ ಚಲನೆ ನನಗೆ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಬೈಂಡಿಂಗ್ ಅಂಗಡಿಯ ಮೂಲೆಯಲ್ಲಿ ಕುಳಿತು ನೂರಾರು ಸಲ ನೋಡಿದ್ದೆ. ಪುಸ್ತಕದ ಬೆನ್ನಿಗೆ ಗೋಂದು ಬಳಿದ ಮೇಲೆ ಅದು ಹದಕ್ಕೆ ಬಂದಿದೆಯೇ, ರಟ್ಟು ಹಿಡಿದೀತೇ ಎಂದು ತಿಳಿಯಲು ಅವಳು ಹಾಗೆಯೇ ಒತ್ತಿ, ನಿಲ್ಲಿಸಿ, ಎತ್ತುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ ಗೋಂದನ್ನು ಕೇಳಿದ ಪ್ರಶ್ನೆಯನ್ನು ಕೈ ಈಗ ಖರ್ಜೂರವನ್ನು ಕೇಳುತ್ತಿತ್ತು. ಕೇಳಿದ್ದು ಅವಳಿಗೆ ತಿಳಿದೇ ಇರಲಿಲ್ಲ.

ತಟ್ಟೆ ತುಂಬಿದ ಮೇಲೆ, “ನೋಡೇ, ಐದನೇ ಸಾಲು!” ಎಂದಳು. ಗುಳಿ ಬಿದ್ದ ಉಂಡೆಯನ್ನು ಚಮಚದಿಂದೆತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಖಾಲಿ ಬಾಗಿಲಿನ ಕಡೆ ತಿರುಗಿದಳು. “ಆಯ್ತು ಕಣೆ, ಕ್ಷಮಿಸಿದ್ದೀನಿ. ಎಷ್ಟು ಸಲ ಕೇಳ್ತೀಯ?”

ನಾನು ಬಗ್ಗಿ ನೋಡಿದೆ. ಗುಳಿಯ ತಳದಲ್ಲಿ ಕೂದಲೆಳೆಯಷ್ಟು ಉಬ್ಬಿದ ಒಂದು ಓರೆ ಗೆರೆ. ಬೆರಳಿನಲ್ಲಿ ಕಾಲುವೆಯಿದ್ದರೆ ಒತ್ತಿದ ಕಡೆ ದಿಬ್ಬವಾಗುತ್ತದೆ. ಪೊರೆಯ ಆಪರೇಷನ್ ಆದ ದೊಡ್ಡಮ್ಮನ ಕಣ್ಣಿಗೆ ಅದು ಕಾಣುವಂಥದ್ದಲ್ಲ.

ಪಕ್ಕದ ಕೋಣೆಗೆ ಹೋಗಿ ಅಮ್ಮನ ಪೆಟ್ಟಿಗೆಯಿಂದ ತಗಡಿನ ಡಬ್ಬಿ ತೆಗೆದೆ. ಖರ್ಜೂರದ ಸಕ್ಕರೆ ಇದ್ದಬದ್ದ ನೀರನ್ನೆಲ್ಲ ತಾನೇ ಹಿಡಿದಿಡುವುದರಿಂದ ಬೂಷ್ಟಿಗೆ ಅಲ್ಲಿ ಬದುಕು ಕಷ್ಟ; ಅರ್ಧ ಉಂಡೆ ಕಪ್ಪಾಗಿ ಕಲ್ಲಾಗಿತ್ತು, ಕೆಟ್ಟಿರಲಿಲ್ಲ. ಅರ್ಧ ಗುಳಿ. ಅದನ್ನು ಓರೆಯಾಗಿ ದಾಟುವ ಒಂದು ಗೆರೆ.

ಡಬ್ಬಿ ಮುಚ್ಚಿ ಅಲ್ಲೇ ಇಡಬಹುದಿತ್ತು. ತಿಳಿದದ್ದನ್ನೆಲ್ಲ ಸಾರಲೇಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಅಷ್ಟರಲ್ಲಿ ಮೆಟ್ಟಿಲಿನಲ್ಲಿ ನಿಂತ ನೆರೆಯವಳಿಗೆ ಪೊಟ್ಟಣ ಕೊಡುತ್ತಾ ದೊಡ್ಡಮ್ಮ, “ಪಾಪ, ನಮ್ಮ ತಂಗಿ ಕೈಯಿಂದ ಆಗಬಾರದ್ದು ಆಗೋಯ್ತು. ನಾನಂತೂ ಮನಸ್ಸಲ್ಲಿ ಇಟ್ಕೊಂಡಿಲ್ಲ” ಎನ್ನುತ್ತಿದ್ದಳು. ಸತ್ತ ಮೇಲೂ ನನ್ನ ಅಮ್ಮನಿಗೆ ಕ್ಷಮೆ ದಾನವಾಗುತ್ತಿತ್ತು. ಡಬ್ಬಿಯನ್ನು ತಂದು ಅವಳ ಮುಂದೆ ತೆರೆದಿಟ್ಟೆ.

“ಇದೇನೇ?”

“ದೊಡ್ಡಪ್ಪ ಬಿಟ್ಟಿದ್ದ ಅರ್ಧ. ಅಮ್ಮ ಇಟ್ಕೊಂಡಿದ್ಲು. ಗುಳೀಲಿ ಗೆರೆ ಇದೆ, ದೊಡ್ಡಮ್ಮ. ಇವತ್ತು ಸಿಕ್ಕಿದ್ರಲ್ಲೂ ಇದೆ. ನೀನು ಕಥೆ ಹೇಳ್ತಾ ಒತ್ತಿದ್ದನ್ನ ನಾನು ನೋಡ್ದೆ.”

ಅವಳು ಹಟ ಹಿಡಿದರೆ ಹೂಡಬೇಕಾದ ವಾದಗಳನ್ನೆಲ್ಲ ಸಿದ್ಧವಾಗಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅವಳು ಆ ಕಲ್ಲಿನಂಥ ತುಂಡನ್ನು ಕಿಟಕಿಯ ಬಳಿಗೆ ಒಯ್ದು ಕಣ್ಣಿನಿಂದಲ್ಲ, ಬೆರಳಿನಿಂದ ನೋಡಿದಳು. ಹೆಬ್ಬೆರಳು ಅರ್ಧ ಗುಳಿಯೊಳಗೆ ಇಳಿದು ಸರಿಯಾಗಿ ಕೂತಿತು. ಬಹಳ ಹೊತ್ತು ಅವಳು ಅದನ್ನು ಎತ್ತಲಿಲ್ಲ.

“ಅವಳು ಇದನ್ನ ನೋಡ್ತಿದ್ಲಾ?”

“ಪ್ರತಿ ವರ್ಷ. ಬೆಳಕಿಗೆ ಹಿಡಿದು.”

“ಯಾವತ್ತಿಂದ?”

“ಮೊದಲ ವಾರದಿಂದ.”

“ಅವಳ ಕಣ್ಣು ಚುರುಕು” ಎಂದಳು ದೊಡ್ಡಮ್ಮ. “ಸೂಜಿಗೆ ದಾರ ಕೂಡ ನನಗೆ ಅವಳೇ ಪೋಣಿಸಿ ಕೊಡ್ತಿದ್ದದ್ದು.”

ಆಗಲೇ ನನಗೂ ಹೊಳೆದದ್ದು. ಗೆರೆ ಯಾರದೆಂದು ಅಮ್ಮ ಮೊದಲ ವಾರದಲ್ಲೇ ಕಂಡಿದ್ದಳು. ಅಂದೇ ಅವಳ ಮಾತು ಬದಲಾಯಿತು. ಗಂಡನನ್ನು ಕಳೆದುಕೊಂಡ ಅಕ್ಕನಿಗೆ, ಅದಕ್ಕೆ ಕಾರಣ ತಾನೇ ಎಂಬ ಅರಿವೂ ಸೇರಬಾರದೆಂದು ಹದಿನೆಂಟು ಸಲ “ಸರಿ ಅಕ್ಕ” ಎಂದಿದ್ದಳು. ಅವಳ ಮೇಲಿನ ಕಳಂಕ ಒರೆಸಲು ಹೊರಟ ನಾನು, ಅವಳು ಬಾಯಿ ಬಿಡದೆ ಅಷ್ಟು ವರ್ಷ ಹೊಲಿದಿಟ್ಟದ್ದನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಹಾಕಿದ್ದೆ.

ದೊಡ್ಡಮ್ಮ ಅಳಲಿಲ್ಲ. ಉಳಿದ ಪೊಟ್ಟಣಗಳನ್ನು ಕಟ್ಟಿದಳು. “ಮೇಷ್ಟ್ರಿಗೆ ಇದನ್ನ ಕೊಟ್ಟು ಬಾ” ಎಂದಷ್ಟೇ ಹೇಳಿದಳು.

ಈ ವರ್ಷ ಅವಳು ಉಂಡೆ ಕಟ್ಟಲಾರಳೆಂದುಕೊಂಡಿದ್ದೆ. ಹೋದಾಗ ಬಾಣಲೆ ಒಲೆಯ ಮೇಲಿತ್ತು. ಬಲ ಹೆಬ್ಬೆರಳಿಗೆ ಬೈಂಡಿಂಗ್ ಬಟ್ಟೆಯ ಪಟ್ಟಿ ಸುತ್ತಿ ಬಿಗಿದಿದ್ದಳು. ಅದು ಮಡಚುತ್ತಿರಲಿಲ್ಲ, ನಾಲ್ಕು ಬೆರಳುಗಳಿಂದಲೇ ಉರುಳಿಸಿದಳು. ಕಥೆ ಹೇಳಲಿಲ್ಲ. ಕೈಯ ಮೇಲಿಟ್ಟ ಕಣ್ಣು ಕೀಳಲಿಲ್ಲ.

ಎಂಟು ಸಾಲು ತುಂಬಲು ಒಂದು ಬಾಕಿ ಇದ್ದಾಗ ಬೆರಳ ತುದಿಯಿಂದ ಎಲ್ಲವನ್ನೂ ಸವರಿ ನೋಡಿದಳು. ಮತ್ತೊಮ್ಮೆ ಮೊದಲಿನಿಂದ ಸವರಿದಳು. ತೊಂಬತ್ತೈದೂ ಗುಂಡಗಿದ್ದವು.

“ಈ ಸಲ ಬರ್ಲಿಲ್ಲ” ಎಂದಳು.

ಏಕೆಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರೂ ಅಡುಗೆಮನೆ ನಾನು ಎಂದೂ ಕಾಣದಷ್ಟು ಖಾಲಿಯಾಗಿತ್ತು.

ಕೊನೆಯ ಉಂಡೆಯನ್ನು ಅಂಗೈಯಲ್ಲಿಟ್ಟು ನನ್ನತ್ತ ಚಾಚಿದಳು. “ನೀನು ಒತ್ತು, ಯಾಕಮ್ಮ. ನಿನ್ನ ಬೆರಳು ಅವಳದ್ದೇ.”

ಬೆರಳಿನ ಆಕಾರ ಹೆತ್ತವರಿಂದ ಬರಬಹುದು. ಆಕಾರದ ಜೊತೆಗೆ ಬೇರೇನೂ ಬರುವುದಿಲ್ಲ. ನಾನು ಒತ್ತಿದೆ. ಗುಳಿಯ ತಳ ನಯವಾಗಿತ್ತು. ಅದನ್ನು ಬೆರಳಿನಿಂದ ಸವರಿ ಖಚಿತಪಡಿಸಿಕೊಂಡು, ಕಿಟಕಿಯ ಕಟ್ಟೆಯ ಮೇಲಿಟ್ಟು, ದೊಡ್ಡಮ್ಮ ಬಾಗಿಲಿನ ಕಡೆ ತಿರುಗಿದಳು.

“ತಪ್ಪು ನನ್ನದು ಕಣೆ. ಕ್ಷಮಿಸ್ತೀಯಾ?”

ಬಾಗಿಲಿನಲ್ಲಿ ಯಾರೂ ಇರಲಿಲ್ಲ. ಕಾದೆವು. ಒಲೆಯಿಂದಿಳಿಸಿದ ಬಾಣಲೆ ಇದ್ದಕ್ಕಿದ್ದಂತೆ ಒಮ್ಮೆ ಟಣ್ ಎಂದಿತು. ಬಿಸಿಯಾದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಸದ್ದು ಮಾಡುತ್ತದೆ. ದೊಡ್ಡಮ್ಮ ತಟ್ಟನೆ ನನ್ನ ಮುಖ ನೋಡಿದಳು.

ನಾನು ಅದನ್ನು ವಿವರಿಸಲಿಲ್ಲ.