ಕೃಷ್ಣನ ಹೆಗಲ ಮೇಲಿನ ಕೈ

ಜಿಗಣಿ ಕೈಗಾರಿಕಾ ಪ್ರದೇಶದಲ್ಲಿ ಲಕ್ಷ್ಮಯ್ಯನವರ ಎಡಗಣ್ಣಿಗೆ ಇದ್ದ ಕೀರ್ತಿ ಯಾವ ಮಂತ್ರಿಮಹೋದಯರಿಗೂ ಇರಲಿಲ್ಲ. ತಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು, ಬಲಗಣ್ಣು ಮುಚ್ಚಿ, ಕತ್ತು ಓರೆ ಮಾಡಿ ನೋಡಿದರೆಂದರೆ ಸೊಟ್ಟಗಿದ್ದ ಸಾಲುಗಳು ಹೆದರಿ ತಾವಾಗಿಯೇ ನೆಟ್ಟಗಾಗುತ್ತವೆ ಎಂದು ಜನ ನಂಬಿದ್ದರು. ಮದುವೆಗೆ ಹೋದರೆ ಚಪ್ಪರದ ಕಂಬವನ್ನೂ ಹಾಗೇ ನೋಡುವರು. ಶಾಮಿಯಾನದವನು ಓಡಿಬಂದು ಕಂಬ ಸರಿಪಡಿಸುವನು. ಒಮ್ಮೆ ಬೀಗರ ಮೇಲೆ ಆ ಕಣ್ಣು ಬಿದ್ದು, ಅವರು ಅರ್ಧ ಊಟಕ್ಕೆ ಎದ್ದು ಹೋಗಿ ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಂಡು ಬಂದರಂತೆ. ಆದರೆ ಆ ಕಣ್ಣಿಗೆ ಬೇಕಾಗಿದ್ದದ್ದು ಸಾಲು ಮಾತ್ರ. ಸಾಲಿನಲ್ಲಿ ಯಾರಿದ್ದಾರೆ ಎಂಬ ಗೊಡವೆ ಅದಕ್ಕಿರಲಿಲ್ಲ.

ಪಕ್ಕದ ರಸ್ತೆಯಲ್ಲಿ ಪವರ್ ಪ್ರೆಸ್ಸಿನಿಂದ ತಗಡು ಒತ್ತುವ ಕಾರ್ಖಾನೆಯೊಂದಿದೆ. ಪ್ರತಿ ದೀಪಾವಳಿಗೆ ಅದು ಕೆಲಸಗಾರರಿಗೆ ಮಿಠಾಯಿ ಡಬ್ಬದ ಜೊತೆ ನಾಲ್ಕು ಪುಟದ ಬಣ್ಣದ ವಾರ್ತಾಪತ್ರ ಹಂಚುತ್ತದೆ. ಲಕ್ಷ್ಮಯ್ಯನವರ ಅಂಗಡಿ ಉಸಿರಾಡುತ್ತಿದ್ದದ್ದೇ ಅಲ್ಲಿಂದ ಬರುವ ಕೆಲಸದಿಂದ. ಮೊದಲ ಪುಟದಲ್ಲಿ ಎಂ.ಡಿ. ಸಾಹೇಬರ ಶುಭಾಶಯ, ಕೊನೆಯಲ್ಲಿ ರಂಗೋಲಿ ಸ್ಪರ್ಧೆ. ನಡುವೆ ಆಯುಧಪೂಜೆಯ ಗುಂಪು ಫೋಟೋ: ಅರಿಶಿನ ಕುಂಕುಮ ಬಳಿದ ಪ್ರೆಸ್ಸು, ಬಾಳೆಕಂದು, ಒಡೆದ ಬೂದುಗುಂಬಳ, ಪ್ರೆಸ್ಸಿನ ಮುಂದೆ ಅದರಲ್ಲಿ ದುಡಿಯುವವರು.

ಪೂಜೆಯಾದ ಮುಂದಿನ ವಾರ ಅದೇ ಪ್ರೆಸ್ಸು ಬಸಲಿಂಗನನ್ನು ತಿಂದಿತು. ಕುಂಬಳಕಾಯಿ ಸಾಲಲಿಲ್ಲವೇನೋ.

ಬಸಲಿಂಗ ಯಾದಗಿರಿ ಕಡೆಯವನು, ಗುತ್ತಿಗೆದಾರನ ಆಳು. ಆತ ಲಾರಿಗೆ ಮಾಲು ತುಂಬುವ ಹಮಾಲಿ, ಪ್ರೆಸ್ಸಿನಲ್ಲಿ ಅವನಿಗೆ ಕೆಲಸವೇ ಇರಲಿಲ್ಲ, ತಾನಾಗಿ ಹೋಗಿ ಅದರೊಳಗೆ ಬಗ್ಗಿದ ಎಂದು ಕಾರ್ಖಾನೆಯವರು ಕಾರ್ಮಿಕ ಅಧಿಕಾರಿಯ ಮುಂದೆ ಹೇಳಿದರು. ಆ ಮಾತು ನಿಂತರೆ ಅವನ ಹೆಂಡತಿ ಮಹಾನಂದಾಳಿಗೆ ಪರಿಹಾರವಿಲ್ಲ. ಜೊತೆಗೆ ದುಡಿದವರು ನೆಲ ನೋಡುತ್ತ ನಿಂತರು. ಅವರಿಗೂ ಬಾಡಿಗೆ ಮನೆ, ಮಕ್ಕಳು. ಫೋನುಗಳನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕಾದ ಕಾರಣ ಆಯುಧಪೂಜೆಯ ಗುಂಪು ಫೋಟೋ ಬಿಟ್ಟರೆ ಪ್ರೆಸ್ಸಿನ ಮುಂದೆ ಬಸಲಿಂಗ ನಿಂತ ಬೇರೆ ಫೋಟೋವೂ ಇರಲಿಲ್ಲ.

ಪ್ರೂಫ್ ನೋಡಲು ಬಂದ ಕಾರ್ಖಾನೆಯ ಎಚ್.ಆರ್. ದೀಪಶ್ರೀ ಪರದೆಯ ಮೇಲಿದ್ದ ಆ ಗುಂಪು ಫೋಟೋದ ಒಂದು ಮುಖದ ಮೇಲೆ ಬೆರಳಿಟ್ಟಳು.

"ಅಂಕಲ್, ಇವರನ್ನ ತೆಗೀಬೇಕು."

"ತೀರ್ಕೊಂಡ್ರಲ್ಲ, ಅವರಲ್ವಾ ಮೇಡಂ?"

"ಹಬ್ಬದ ಇಶ್ಯೂ ಅಂಕಲ್, ನೋಡಿದವರಿಗೆ ಬೇಜಾರಾಗುತ್ತೆ. ಒರಿಜಿನಲ್ಲೂ ಡಿಲೀಟ್ ಮಾಡ್ಬಿಡಿ. ನಾನಿಲ್ಲೇ ಇರ್ತೀನಿ."

ಲಕ್ಷ್ಮಯ್ಯನವರು ಮೌಸೆಂಬ ಖಡ್ಗ ಹಿಡಿದು ರಣರಂಗಕ್ಕಿಳಿದರು. ಬಸಲಿಂಗನ ತಲೆ ಸವರಿದರು, ಅಲ್ಲಿ ಬಾಳೆ ಎಲೆ ಮೂಡಿತು. ಎದೆ ಸವರಿದರು, ಪ್ರೆಸ್ಸಿನ ಹಸಿರು ಬಣ್ಣ ಬಂತು. ಕಾಲಿದ್ದ ಕಡೆ ಸಿಮೆಂಟು ನೆಲ. ಉಳಿದವರನ್ನು ಒಂದಿಷ್ಟು ಒತ್ತರಿಸಿ ಸಾಲು ಕೂಡಿಸಿದರು. ಮೂಲ ಫೋಟೋವನ್ನೂ ಅಳಿಸಿದರು. ದೀಪಶ್ರೀ ಫೋನಿನಲ್ಲಿ ಮಾತಾಡುತ್ತಲೇ ಹೆಬ್ಬೆರಳೆತ್ತಿದಳು. ತಂದಿಟ್ಟ ಕಾಫಿ ಆರುವಷ್ಟರಲ್ಲಿ ಒಬ್ಬ ಮನುಷ್ಯ ಹುಟ್ಟೇ ಇರಲಿಲ್ಲವೆನ್ನುವಂತಾಯಿತು.

ಮಿಠಾಯಿ ಡಬ್ಬದ ಜೊತೆ ಪತ್ರಿಕೆ ಮನೆಮನೆಗೆ ಹೋಯಿತು. ಮೊದಲು ಕಂಡದ್ದು ಯಾರಿಗೋ ತಿಳಿಯದು; ಸಂಜೆಯ ಹೊತ್ತಿಗೆ ಎಲ್ಲರೂ ನೋಡಿದ್ದರು. ಸಾಲಿನಲ್ಲಿದ್ದ ಕೃಷ್ಣನ ಹೆಗಲ ಮೇಲೆ ಒಂದು ಕೈ. ಮಣಿಕಟ್ಟಿನಿಂದಾಚೆ ಏನೂ ಇಲ್ಲ. ಫೋಟೋ ತೆಗೆಯುವಾಗ ಬಸಲಿಂಗ ಗೆಳೆಯನ ಕತ್ತಿನ ಹಿಂದಿನಿಂದ ತೋಳು ಹಾಕಿದ್ದ. ಮನುಷ್ಯ ಹೋಗಿದ್ದ, ಅಪ್ಪಿದ ಕೈ ಉಳಿದಿತ್ತು. ಸೀಳಿದ ಹೆಬ್ಬೆರಳಿನ ಉಗುರು ನೋಡಿ ಮಹಾನಂದಾ ಗುರುತು ಹಿಡಿದಳು.

ಅದನ್ನೇ ತೆಗೆದುಕೊಂಡು ಹೋಗಿ ಅಧಿಕಾರಿಯ ಮುಂದಿಟ್ಟಳು. ಅವರು ಕೃಷ್ಣನನ್ನು ಕರೆಸಿದರು.

"ನಿನ್ನ ಹೆಗಲ ಮೇಲಿರೋದು ಯಾರ ಕೈಯಪ್ಪಾ?"

ಗೊತ್ತಿಲ್ಲ ಎನ್ನಲು ಕೃಷ್ಣ ಹೊರಟಿದ್ದ. ಫೋಟೋ ನೋಡಿದವನು ತನ್ನ ಹೆಗಲು ಮುಟ್ಟಿಕೊಂಡ.

"ಬಸಲಿಂಗಂದು ಸಾರ್. ಪ್ರೆಸ್‌ನಾಗೆ ನನ್ ಜೋಡಿ ಅವ್ನು. ದಿನಾ."

ಮಾರನೆಯ ದಿನ ಗೇಟಿನಲ್ಲಿ ಕೃಷ್ಣನನ್ನು ಒಳಗೆ ಬಿಡಲಿಲ್ಲ. ಲಕ್ಷ್ಮಯ್ಯನವರಿಗೆ ಕಾರ್ಖಾನೆಯ ಕೆಲಸ ಬರುವುದು ನಿಂತಿತು. ಮಹಾನಂದಾಳ ಅರ್ಜಿಗೆ ಜೀವ ಬಂತು. ಜೀವ ಬಂದದ್ದು ಅದಕ್ಕೊಂದಕ್ಕೆ.

ಟೀ ಅಂಗಡಿಯಲ್ಲಿ ಮಾತ್ರ ಲಕ್ಷ್ಮಯ್ಯನವರಿಗೆ ಪಟ್ಟಾಭಿಷೇಕವೇ ನಡೆಯಿತು.

"ಬೇಕಂತಾನೇ ಬಿಟ್ಟವ್ರೆ ಕಣೋ. ಮೇಡಂ ಪಕ್ಕದಾಗೆ ನಿಂತಿದ್ರೂ ಬಿಟ್ಟವ್ರೆ ಅಂದ್ರೆ ಎಂಥಾ ಗುಂಡಿಗೆ ಇರ್ಬೇಕು."

"ಸತ್ತೋನ್ ಕೈಲಿ ಸಾಕ್ಷಿ ಹೇಳ್ಸಿದ್ರು ಗುರು."

ಈ ಸುದ್ದಿ ಕೇಳಿ ಮಹಾನಂದಾ ಅಂಗಡಿಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಸೆರಗಿನಲ್ಲಿ ಮಡಿಸಿಟ್ಟ ಪತ್ರಿಕೆ.

"ಅಣ್ಣಾರ, ನಮ್ಮವ್ರ ಸಲುವಾಗಿ ನೀವು ಅದನ್ನ ಬೇಕಂತ ಬಿಟ್ರಿ ಅಂತಾರ. ಖರೇ ಏನ್ರಿ?"

ಹೌದೆಂದಿದ್ದರೆ ಆಕೆ ಕಾಲಿಗೆ ಬೀಳುತ್ತಿದ್ದಳು, ಟೀ ಅಂಗಡಿ ಹಾರ ತರುತ್ತಿತ್ತು. ಲಕ್ಷ್ಮಯ್ಯನವರು ಖಾಲಿ ಪರದೆಯ ಕಡೆ ಒಮ್ಮೆ ನೋಡಿದರು.

"ಇಲ್ಲ ಕಣಮ್ಮ. ಕೈ ತೆಗುದ್ರೆ ಕೃಷ್ಣನ ಅಂಗಿ ತೂತಾಗೋದು. ಅದುಕ್ಕೆ ಅಂಗೇ ಬಿಟ್ಟೆ."