ಅನ್ಯಾಯ ಕಂಡರೆ ಸುಮ್ಮನಿರಲಾರೆ

ಲಾ ಕಾಲೇಜಿನ ಸಂದರ್ಶನಕ್ಕೆ ಉತ್ತರ ತಯಾರು ಮಾಡುವುದು ಪರೀಕ್ಷೆ ಬರೆಯುವುದಕ್ಕಿಂತ ದೊಡ್ಡ ತಲೆನೋವು. ‘ಅನ್ಯಾಯದ ವಿರುದ್ಧ ನೀವು ಎದ್ದು ನಿಂತ ಒಂದು ಪ್ರಸಂಗ ಹೇಳಿ’ ಅಂತ ಕೇಳೇ ಕೇಳುತ್ತಾರಂತೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಎಲ್ಲೂ ಎದ್ದು ನಿಂತವಳಲ್ಲ. ಹಾಗಾಗಿ ಸೇಡಂನಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ, ‘ಅನ್ಯಾಯ ಕಂಡರೆ ನಾನು ಸುಮ್ಮನಿರಲಾರೆ’ ಎಂಬ ಒಂದೇ ಸಾಲನ್ನು ಬಾಯಿಪಾಠ ಮಾಡುತ್ತಾ ಕೂತಿದ್ದೆ.

ಮಳಖೇಡ ದಾಟಿದ ಮೇಲೆ ಕಂಡಕ್ಟರ್ ಬಂದ. ನನ್ನ ಆಧಾರ್ ಕಾರ್ಡ್ ಕೇಳದೆಯೇ ಹೆಂಗಸರ ಪುಕ್ಕಟೆ ಟಿಕೆಟ್ ಕೊಟ್ಟುಬಿಟ್ಟ. ಪಕ್ಕದಲ್ಲಿದ್ದ ಮುದುಕಿಯ ಕಾರ್ಡನ್ನು ಮಾತ್ರ ತಿರುವಿ ನೋಡಿ, “ಇದು ಝೆರಾಕ್ಸ್ ಅದ ಆಯಿ, ನಡಿಯಂಗಿಲ್ಲ. ರೊಕ್ಕ ಕೊಡು” ಅಂದ.

ಮುದುಕಿ ನನ್ನನ್ನು ಮೊಣಕೈಯಿಂದ ತಿವಿದು, “ಏನವಾ, ಸುಮ್ಮನಿರಂಗಿಲ್ಲ ಸುಮ್ಮನಿರಂಗಿಲ್ಲ ಅಂತ ಸೇಡಂದಿಂದ ಅನ್ಲಿಕತ್ತಿ. ಈಗ್ಯಾಕ ಸುಮ್ಮನ ಕುಂತಿ?” ಅಂದಳು.

ಇಡೀ ಬಸ್ಸು ನನ್ನ ಕಡೆ ತಿರುಗಿತು. ಇನ್ನೇನು ಮಾಡಲಿ, ಎದ್ದು ನಿಂತೆ.

“ಒಬ್ಬರಿಗೊಂದು ಕಾನೂನು, ಇನ್ನೊಬ್ಬರಿಗೊಂದು ಕಾನೂನು ಏನ್ರಿ? ನನ್ನ ಕಾರ್ಡ್ ನೀವು ನೋಡೇ ಇಲ್ಲಲ್ರಿ?”

“ಖರೇ ಅದರಿ ಮೇಡಂ,” ಅಂದ ಕಂಡಕ್ಟರ್. “ತೋರಸ್ರಿ.”

ಬ್ಯಾಗಿಗೆ ಕೈ ಹಾಕಿದಾಗ ನೆನಪಾಯಿತು. ಒರಿಜಿನಲ್ ಎಲ್ಲಾದರೂ ಕಳೆದೀತೆಂದು ಅವ್ವ ಅದನ್ನು ಟ್ರಂಕಿನಲ್ಲಿಟ್ಟು, ನನ್ನ ಕೈಗೂ ಝೆರಾಕ್ಸನ್ನೇ ಕೊಟ್ಟಿದ್ದಳು.

ಸಂದರ್ಶನದಲ್ಲಿ ಆ ಪ್ರಶ್ನೆ ಬಂದೇ ಬಂತು. ಬೇರೆ ಗತಿಯಿಲ್ಲದೆ ಇದನ್ನೇ ಹೇಳಿದೆ.

“ಕಡೆಗೆ ಆ ಅಜ್ಜಿಗೆ ನ್ಯಾಯ ಸಿಕ್ಕಿತಾ?” ಅಂತ ಕೇಳಿದರು.

“ಸಮಾನ ನ್ಯಾಯ ಸಿಕ್ತ್ರಿ ಸರ್. ಇಬ್ಬರೂ ರೊಕ್ಕ ಕೊಟ್ಟು ಟಿಕೆಟ್ ತಗೊಂಡ್ವಿ.”