ಕಿಟಕಿಗೆ ಕೊಟ್ಟಿದ್ದ ಪುಸ್ತಕ

ಹಳೆಯ ಕಾಗದದ ವಾಸನೆಗೆ ಒಂದಿಷ್ಟು ಕರ್ಪೂರ ಬೆರೆತರೆ ಹೇಗಿರುತ್ತದೋ ಹಾಗಿದೆ ಈ ಪುಸ್ತಕ. ಅಮ್ಮ ಹೋದ ಮೇಲೆ ಅವಳ ಸೀರೆಗಳ ಅಡಿಯಲ್ಲಿ ಸಿಕ್ಕಿತು. ನಿಮಗೂ ಅಂಥದೊಂದು ವಾಸನೆ ಗೊತ್ತಿರಬಹುದು, ಮೂಗಿಗೆ ತಾಗಿದರೆ ಸಾಕು, ಈಗಿಲ್ಲದ ಮನೆಯೊಂದರ ಬಾಗಿಲು ತೆರೆದುಕೊಳ್ಳುತ್ತದೆ. ನನಗೆ ತೆರೆದುಕೊಳ್ಳುವುದು, ನಾವು ಕಡಲು ದಾಟಿ ಬಂದು ನೆಲೆಸಿದ ಪಾಪಟೋಟೊಯಿ ಎಂಬ ಊರಿನ ಮರದ ಮನೆಯೊಂದರ ಮುಂದಿನ ಕೋಣೆ. ನೆಲದಿಂದ ಸೂರಿನವರೆಗೆ ಪುಸ್ತಕ, ಮಾಸಿದ ಹಸಿರು ಕಾರ್ಪೆಟ್, ಆಚೆ ಹಾದುಹೋಗುವ ರೈಲಿನ ಸದ್ದು.

ಆ ಮನೆ ಐವಿ ಆಂಟಿಯದು. ಎಂಬತ್ತು ದಾಟಿದ್ದ, ಕಣ್ಣು ಮಂಜಾಗಿದ್ದ ಒಂಟಿ ಹೆಂಗಸು. ಅಮ್ಮ ಅವರನ್ನು ನೋಡಿಕೊಳ್ಳುತ್ತಿದ್ದಳು. ಅದಕ್ಕೇ ಹಿತ್ತಲಿನಲ್ಲಿ ಬೇರೆಯಾಗಿ ಕಟ್ಟಿದ್ದ ಸ್ಲೀಪ್‌ಔಟ್ ಕೋಣೆಯಲ್ಲಿ ನಮ್ಮ ಮೂವರಿಗೂ ಇರಲು ಜಾಗವಾಗಿತ್ತು. ಅಪ್ಪನಿಗೆ ಏರ್‌ಪೋರ್ಟಿನಲ್ಲಿ ಸಾಮಾನು ಸಾಗಿಸುವ ಕೆಲಸ. ನನಗಾಗ ಒಂಬತ್ತು ವರ್ಷ. ಆ ಪುಸ್ತಕಗಳನ್ನು ಆಂಟಿಯ ಮುತ್ತಜ್ಜ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಡಗಿನಲ್ಲಿ ತರಿಸಿದ್ದರಂತೆ. ಸಂಜೆ ದೀಪದ ಸುತ್ತ ಮನೆಮಂದಿಯೆಲ್ಲ ಕೂತು, ಒಬ್ಬರು ಗಟ್ಟಿಯಾಗಿ ಓದಿದರೆ ಉಳಿದವರು ಹರಿದ ಕಾಲುಚೀಲ ಹೊಲಿಯುತ್ತ ಕೇಳುತ್ತಿದ್ದರಂತೆ. ಸುತ್ತಲಿನ ರೈತರು ಕುದುರೆ ಮೇಲೆ ಬಂದು ಪುಸ್ತಕ ಕೇಳಿ ಒಯ್ಯುತ್ತಿದ್ದರಂತೆ. ನಮ್ಮ ಕಾಲಕ್ಕೆ ಅವನ್ನು ಮುಟ್ಟುತ್ತಿದ್ದುದು ಅಮ್ಮನ ಧೂಳು ಒರೆಸುವ ಬಟ್ಟೆ ಮಾತ್ರ.

ಭೂಮಿಯ ದಕ್ಷಿಣದ ಈ ದೇಶದಲ್ಲಿ ಋತುಗಳು ತಿರುವುಮುರುವು, ನವರಾತ್ರಿ ಬರುವುದು ವಸಂತದಲ್ಲಿ. ಮುಂದಿನ ಕೋಣೆಯ ಕಿಟಕಿ ಮೇಲಕ್ಕೆತ್ತುವಂಥದ್ದು. ಅದನ್ನು ಬೀಳದಂತೆ ಹಿಡಿದಿಡುವ ಹಗ್ಗ ಹರಿದುಹೋಗಿ, ಒಂದು ದಪ್ಪ ಪುಸ್ತಕವನ್ನು ಅಡಿಗೆ ಕೊಟ್ಟು ನಿಲ್ಲಿಸಿದ್ದರು. ಅಮ್ಮ ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವವಳು. ಸರಸ್ವತಿ ಪೂಜೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

“ಸರಸ್ವತೀನ ತಗೊಂಡ್ಹೋಗಿ ಕಿಟಕಿಗೆ ಕೊಟ್ಟಿದಾರಲ್ಲೇ ಪುಟ್ಟಿ! ಹಬ್ಬದ ದಿನನಾದ್ರೂ ಪೂಜೇಲಿ ಇಡೋಣ.”

“ಅಮ್ಮಾ, ವಿಂಡೋ ಬೀಳತ್ತೆ,” ಎನ್ನುವಷ್ಟರಲ್ಲಿ ಎಳೆದೇಬಿಟ್ಟಳು. ಮುತ್ತಜ್ಜನ ಕಾಲದ, ನೀರಿನ ಹಾಗೆ ಅಲೆಯಲೆಯಾಗಿದ್ದ ಗಾಜು ಚೂರುಚೂರಾಯಿತು.

ಅಮ್ಮ ಪುಸ್ತಕವನ್ನು ಎದೆಗವಚಿಕೊಂಡು ನಿಂತಳು. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. “ಅಪ್ಪಂಗೆ ಏನೇ ಹೇಳ್ಲಿ?” ಎಂದು ಪಿಸುಗುಟ್ಟಿದಳು. ಐವಿ ಆಂಟಿ ಕೋಲೂರಿಕೊಂಡು ಬಂದರು. ಅಮ್ಮನ ಇಂಗ್ಲಿಷ್ ಅಂಥ ಹೊತ್ತಿನಲ್ಲೇ ಕೈಕೊಡುತ್ತಿತ್ತು. ಪುಸ್ತಕ ಅಂದರೆ ನಮಗೆ ದೇವರು, ಇವತ್ತು ಹಬ್ಬ ಎಂದು ನಾನೇ ಹೇಳಿದೆ.

ಆಂಟಿ ಪುಸ್ತಕದ ಅಂಚನ್ನು ಬೆರಳಿನಿಂದ ತಡವಿದರು. ಹಾಳೆಗಳು ಮಡಿಕೆಯಲ್ಲೇ ಕೂಡಿಕೊಂಡಿದ್ದವು. ಆ ಕಾಲದಲ್ಲಿ ಎಷ್ಟೋ ಪುಸ್ತಕಗಳು ಹಾಗೇ ಬರುತ್ತಿದ್ದವಂತೆ, ಓದುವವರೇ ಕತ್ತರಿಸಿಕೊಳ್ಳಬೇಕಿತ್ತಂತೆ. “ನಮ್ಮ ಮನೇಲಿ ಇದನ್ನ ಒಬ್ಬರೂ ಬಿಡಿಸಿಲ್ಲ. ಕಿಟಕಿಗಾದರೂ ಆಯಿತಲ್ಲ ಅಂದುಕೊಂಡಿದ್ದೆ,” ಎಂದು ನಕ್ಕು, ಮೇಜಿನಿಂದ ಒಂದು ಮೊಂಡು ಚಾಕು ತೆಗೆದು ಅಮ್ಮನ ಕೈಗಿಟ್ಟರು. “ಗಾಜು ಒಡೆದದ್ದಕ್ಕೆ ದಂಡ. ದಿನಾ ಒಂದಿಷ್ಟು ಕತ್ತರಿಸಿ ನನಗೆ ಓದಿ ಹೇಳು.”

ಅಮ್ಮ ಕಣ್ಣೊರೆಸಿಕೊಂಡಳು. “ಇವತ್ತು ಆಗಲ್ಲ ಆಂಟಿ. ಪೂಜೆಗಿಟ್ಟ ಪುಸ್ತಕ ವಿಜಯದಶಮಿವರೆಗೂ ಓದಬಾರದು.”

ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಆಂಟಿ ಹುಬ್ಬೇರಿಸಿದರು. “ಇಷ್ಟು ವರ್ಷ ಮಲಗಿದ್ದು ಸಾಲದಾ ಅದಕ್ಕೆ?”

ವಿಜಯದಶಮಿಯಿಂದ ಓದು ಶುರುವಾಯಿತು. ಅದು ಹಡಗು ಹತ್ತಿದ ಒಬ್ಬ ಪಾದ್ರಿಯ ಪ್ರಯಾಣದ ಕಥೆ. ಅಮ್ಮ ಬೆರಳಿಟ್ಟು ಒಂದೊಂದೇ ಪದ ಓದುತ್ತಿದ್ದಳು, ಆಂಟಿ ಬಟಾಣಿ ಸುಲಿಯುತ್ತ ಕೇಳುತ್ತಿದ್ದರು. ನಾನು ನಡುವೆ ತಿದ್ದಿದರೆ, “ಸುಮ್ಮನಿರು ಮಗೂ. ಇವಳ ಓದಿನಲ್ಲಿ ಹಡಗು ನಿಧಾನಕ್ಕೆ ಹೋಗುತ್ತೆ, ನನಗೂ ಅದೇ ಬೇಕು,” ಎನ್ನುತ್ತಿದ್ದರು. ಊಟಕ್ಕೆ ಕೂತಾಗ ಅಪ್ಪ ಕೇಳುತ್ತಿದ್ದ: “ಏನೇ, ಎಲ್ಲೀವರ್ಗೂ ಬಂತು ನಿಮ್ಮ ಹಡಗು?” ಅಮ್ಮ ಅನ್ನ ಬಡಿಸುತ್ತ ಅಂದಿನ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದಳು.

ಮರುವರ್ಷ, ಪುಸ್ತಕ ಮುಗಿಯುವ ಮೊದಲೇ, ಆಂಟಿ ತೀರಿಕೊಂಡರು. ಮನೆ ಕೆಡವಿ ಅಲ್ಲಿ ಸಾಲುಮನೆ ಕಟ್ಟಿದರು. ಪುಸ್ತಕಗಳು ಪೆಟ್ಟಿಗೆಗಳಲ್ಲಿ ಎಲ್ಲಿಗೋ ಹೋದವು. ಇದೊಂದನ್ನು ಆಂಟಿ ಮೊದಲೇ ಅಮ್ಮನಿಗೆ ಕೊಟ್ಟಿದ್ದರು. ಕೇಳುವವರಿಲ್ಲ ಎಂದು ಅಮ್ಮ ಮುಂದೆ ಬಿಡಿಸಲಿಲ್ಲ.

ಕಳೆದ ಭಾನುವಾರ ತೆರೆದಾಗ ಮೊಂಡು ಚಾಕು ಅವಳು ನಿಲ್ಲಿಸಿದ ಜಾಗದಲ್ಲೇ ಇತ್ತು. ಮುಂದಿನ ಮಡಿಕೆ ಕತ್ತರಿಸಿದೆ. ಒಳಗಿನ ಹಾಳೆ ಇನ್ನೂ ಬೆಳ್ಳಗಿತ್ತು, ಬೆಳಕನ್ನೇ ಕಂಡಿರಲಿಲ್ಲವಲ್ಲ. ಸದ್ದು ಕೇಳಿ ಅಪ್ಪ ಬಂದು ಎದುರಿಗೆ ಕೂತ. ಅಮ್ಮ ಹೋದಾಗಿನಿಂದ ಸರಿಯಾಗಿ ಮಾತೇ ಆಡದವನು.

“ಎಲ್ಲೀವರ್ಗೂ ಬಂದಿದೆ ಪುಟ್ಟಿ?”

“ಇನ್ನೂ ನೀರಲ್ಲೇ ಇದೆ, ಅಪ್ಪ.”

“ಓದು, ಹಂಗಾದ್ರೆ. ನಿಮ್ಮಮ್ಮನ ಥರ, ನಿಧಾನಕ್ಕೆ.”